ಶೆಫೀಲ್ಡಿನ ಪಾನಾಕ್ಕೆ ನರಗುಂದದ ಹುಣಸೆಹಣ್ಣು

ನರಗುಂದ

ಇಂಗ್ಲೆಂಡಿಗೆ ಹೋದವರು ಬರುವಾಗ ಏನಾದರೂ ತರುತ್ತಾರೆ. ನಾನು ಹೋಗುವಾಗಲೇ ಒಂದು ಚೀಲ ಕಬ್ಬಿಣ ಹೊತ್ತುಕೊಂಡು ಹೋದೆ, ಅದೂ ಇಂಗ್ಲೆಂಡಿನಲ್ಲೇ ತಯಾರಾದ ಕಬ್ಬಿಣ. ಆ ಪ್ರವಾಸದಲ್ಲಿ ನಾನು ಮಾಡಿದ್ದರಲ್ಲಿ ಇದೇ ಹೆಚ್ಚು ಬುದ್ಧಿವಂತಿಕೆಯ ಕೆಲಸ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ನರಗುಂದದಲ್ಲಿ ಕಾಳಿನ ಅಡತಿ ಅಂಗಡಿ. ರೈತರು ತಂದ ಕಡಲೆ, ಹೆಸರು, ಗೋವಿನಜೋಳ ಮಾರಿಸಿಕೊಡುವುದು ಅಜ್ಜನ ಕಾಲದಿಂದ ಬಂದ ಉದ್ಯೋಗ. ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರ ಕಾಳಿಲ್ಲ. ಅಲ್ಲಿ ನನ್ನ ಹಳೆಯ ಪಾನಾಗಳಿವೆ. ನಟ್ಟು ಬಿಚ್ಚುವ ಪಾನಾ, ಪೈಪು ತಿರುಗಿಸುವ ಪಾನಾ, ಬಾಯಿ ಹಿಗ್ಗಿಸಿ ಕುಗ್ಗಿಸುವ ಸ್ಕ್ರೂ ಪಾನಾ, ಜೊತೆಗೆ ಇಕ್ಕಳ, ಸುತ್ತಿಗೆ, ಕೈಯಿಂದ ತಿರುಗಿಸುವ ಡ್ರಿಲ್ಲು. ಕೆಲವು ರೋಣದ ಗುಜರಿ ಅಂಗಡಿಯಲ್ಲಿ ಸಿಕ್ಕವು. ಕೆಲವು ಜಕ್ಕಲಿಯ ಒಂದು ಹೊಲದಲ್ಲಿ, ನಿಂತುಹೋದ ಡೀಸೆಲ್ ಎಂಜಿನ್ನಿನ ಪಕ್ಕದ ಪೆಟ್ಟಿಗೆಯಲ್ಲಿ ಇಲಿಗಳ ಸಂಸಾರದ ಕೆಳಗೆ ಸಿಕ್ಕವು. ಮಾರುಕಟ್ಟೆಯಲ್ಲಿ ನನ್ನನ್ನು ಎಲ್ಲರೂ ‘ಪಾನಾ ಸಾಹುಕಾರ’ ಎನ್ನುತ್ತಾರೆ. ಎದುರಿಗೆ ಹೇಳುವುದಿಲ್ಲ, ಆದರೆ ನನಗೆ ಕೇಳಿಸುವಷ್ಟು ದೂರದಲ್ಲಿ ಹೇಳುತ್ತಾರೆ.

ಇಷ್ಟು ಪಾನಾ ಇದ್ದವನಿಗೆ ರಿಪೇರಿ ಬರುತ್ತದೆ ಎಂದು ನೀವು ತಿಳಿಯಬಹುದು. ಬರುವುದಿಲ್ಲ. ಒಮ್ಮೆ ಮನೆಯ ನಳದ ವಾಷರ್ ಬದಲಿಸಲು ಹೋಗಿ ಓಣಿಗೆಲ್ಲ ನೀರು ಬಿಟ್ಟಿದ್ದೇನೆ. ನನ್ನ ಕಸುಬೇನಿದ್ದರೂ ತಿಕ್ಕುವುದು. ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಂತಿಬ್ರಷ್ಷಿನಿಂದ ಉಜ್ಜಿ, ಪಾಲಿಶ್ ಕಾಗದ ಹಚ್ಚಿ, ಕೊನೆಗೆ ಹುಣಸೆಹಣ್ಣು ಮತ್ತು ಬೂದಿಯಿಂದ ಬೆಳಗುವುದು. ಅಜ್ಜ ಅಂಗಡಿಯ ಹಿತ್ತಾಳೆ ತೂಕದ ಕಲ್ಲುಗಳನ್ನು ಹಾಗೆ ಬೆಳಗುತ್ತಿದ್ದ. ಹಿತ್ತಾಳೆಗೆ ಒಪ್ಪಿದ್ದು ಕಬ್ಬಿಣಕ್ಕೆ ಏಕೆ ಒಪ್ಪಬಾರದು ಎನ್ನುವುದು ನನ್ನ ಸಂಶೋಧನೆ. ಮುಖ ಕಾಣುವಂತೆ ಹೊಳೆಯುವವರೆಗೆ ನಾನು ಬಿಡುವವನಲ್ಲ.

ಊರಲ್ಲಿ ಇದನ್ನು ನೋಡಿ ಸಂತೋಷಪಟ್ಟವರು ಒಬ್ಬರೂ ಇಲ್ಲ. ಆದ್ದರಿಂದ ಫೋಟೋ ತೆಗೆದು, ಹಳೆಯ ಸಾಮಾನು ಕೂಡಿಡುವವರ ಒಂದು ಅಂತರ್ಜಾಲ ಗುಂಪಿನಲ್ಲಿ ಹಾಕತೊಡಗಿದೆ. ಅಲ್ಲಿ ಸಿಕ್ಕವರು ಆರ್ಥರ್. ಇಂಗ್ಲೆಂಡಿನ ಡರ್ಬಿಶೈರ್ ಕಡೆಯ ಒಂದು ಹಳ್ಳಿಯವರು, ವಯಸ್ಸಿನಲ್ಲಿ ನನಗೆ ಕಾಕಾ ಆಗಬಹುದಾದವರು. ನಾನು ಯಾವ ಫೋಟೋ ಹಾಕಿದರೂ ಅದರ ಕೆಳಗೆ ಅವರದು ಒಂದೇ ಮಾತು: ‘ಬಹಳ ಹೊಳೆಯುತ್ತಿದೆ.’ ಎಷ್ಟೋ ವರ್ಷ ಅದೊಂದು ಸಾಲನ್ನು ಓದಿ ನಾನು ಆ ದಿನವೆಲ್ಲ ಉಬ್ಬಿಕೊಂಡು ತಿರುಗಿದ್ದೇನೆ. ಪಾನಾ ಯಾವ ಊರಿನದು, ಯಾವ ಎಂಜಿನ್ನಿನದು ಎಂದು ಕೇಳಿದರೆ ಅವರು ಪುಟಗಟ್ಟಲೆ ಬರೆಯುತ್ತಿದ್ದರು. ನನ್ನ ಹುಚ್ಚು ಹುಚ್ಚೆಂದು ಅನ್ನಿಸದ ಮನುಷ್ಯ ಈ ಭೂಮಿಯ ಮೇಲೆ ಅವರೊಬ್ಬರೇ. ಹಳೆಯ ಸಾಮಾನಿನ ವಾರ್ಷಿಕ ಸಂತೆಯಲ್ಲಿ ತಮ್ಮ ಮೇಜಿಗೆ ಬಂದು ಕೂರಿ, ನಮ್ಮ ಮನೆಯಲ್ಲೇ ಇಳಿಯಿರಿ ಎಂದು ಅವರು ಬರೆದಾಗ ನಾನು ಮರುದಿನವೇ ಪಾಸ್‌ಪೋರ್ಟಿನ ಫೋಟೋಕ್ಕೆ ಕೂತೆ.

ಹೆಂಡತಿ ಶೈಲಾ ಗಜೇಂದ್ರಗಡದವಳು, ನೇಕಾರರ ಓಣಿಯಲ್ಲಿ ಬೆಳೆದವಳು. ಮಗ್ಗದ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಗಂಟಲು. ಅವಳೂ ನನ್ನ ಜೊತೆ ಹೊರಟಳು. ಚೀಲ ತುಂಬುವಾಗ ನನ್ನ ಪಾನಾಗಳಿಗೂ ಅವಳ ಕಟಕ ರೊಟ್ಟಿ, ಶೇಂಗಾ ಹಿಂಡಿಗೂ ಜಾಗದ ಜಗಳ ಬಿತ್ತು.

“ಅಲ್ರೀ, ಮಂದಿ ಫಾರಿನ್‌ದಿಂದ ಅತ್ತರ ತರ್ತಾರ. ನೀವು ಇಲ್ಲಿಂದ ಜಂಗ ಹಿಡದ ಕಬ್ಬಿಣ ಹೊತ್ಕೊಂಡ ಹೊಂಟೀರಿ,” ಎಂದಳು.

“ಇದು ಜಂಗಲ್ಲ. ತಿಕ್ಕೇನಿ ನೋಡು, ಹ್ಯಾಂಗ ಹೊಳ್ಯಾಕತ್ತೈತಿ.”

“ಮನ್ಯಾಗಿನ ಒಂದ್ ಬೋಗಾಣಿ ತಿಕ್ಕಿದ್ರ ನನಗೂ ಹೊಳದ ಕಾಣ್ತಿತ್ತು.”

ಕೊನೆಗೆ ರೊಟ್ಟಿ ಗೆದ್ದಿತು. ಪಾನಾಗಳಲ್ಲಿ ಅರ್ಧ ಮನೆಯಲ್ಲೇ ಉಳಿದವು. ಹುಣಸೆಹಣ್ಣಿನ ಒಂದು ದೊಡ್ಡ ಉಂಡೆಯೂ ಚೀಲ ಸೇರಿತು, ಏಕೆಂದರೆ ಹುಳಿ ಇಲ್ಲದ ದೇಶದಲ್ಲಿ ಸಾರು ಮಾಡುವುದು ಹೇಗೆ ಎಂಬ ಚಿಂತೆ ಅವಳಿಗಿತ್ತು.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ

ಅಲ್ಲಿಯ ಸುಂಕದ ಅಧಿಕಾರಿಣಿ ನಮ್ಮ ಚೀಲ ತೆಗೆಸಿದಳು. ಸೀರೆಗಳ ನಡುವೆ ಸಾಲಾಗಿ ಮಲಗಿದ್ದ ಪಾನಾಗಳನ್ನು ನೋಡಿ, ನೀವು ಮೆಕ್ಯಾನಿಕ್ಕೇ ಎಂದು ಕೇಳಿದಳು. ಅಲ್ಲ ಎಂದೆ. ಇಲ್ಲಿ ಮಾರುತ್ತೀರಾ ಎಂದಳು. ಇಲ್ಲ ಎಂದೆ. ಹಾಗಾದರೆ ಇವನ್ನು ಏಕೆ ತಂದಿರಿ?

ನನ್ನ ಇಂಗ್ಲಿಷ್ ಬ್ಯಾಂಕಿಗೆ ಹೋಗಿ ಬರುವಷ್ಟಿದೆ, ಇಂಥ ಪ್ರಶ್ನೆಗೆ ಸಾಲುವಷ್ಟಿಲ್ಲ. ಪಾನಾದ ಮೇಲಿನ ಅಚ್ಚು ತೋರಿಸಿ, ಇವು ಶೆಫೀಲ್ಡಿನಲ್ಲಿ ಹುಟ್ಟಿದವು, ತವರುಮನೆಗೆ ಬಂದಿವೆ ಎಂದು ಹೇಳಲು ಹೊರಟೆ. ತವರುಮನೆಗೆ ಇಂಗ್ಲಿಷಿನಲ್ಲಿ ಶಬ್ದ ಸಿಗದೆ ‘ತಾಯಿಯ ಮನೆ ಶೆಫೀಲ್ಡ್’ ಎಂದೆ. ಅವಳು ನನ್ನ ಪಾಸ್‌ಪೋರ್ಟನ್ನೂ ನನ್ನ ಮುಖವನ್ನೂ ಮತ್ತೊಮ್ಮೆ ಹೋಲಿಸಿ ನೋಡಿದಳು.

ಕಬ್ಬಿಣವನ್ನು ಬಿಟ್ಟು ಅವಳ ಅನುಮಾನ ಹುಣಸೆಹಣ್ಣಿನ ಕಪ್ಪು ಉಂಡೆಯ ಮೇಲೆ ಬಿತ್ತು. ಶೈಲಾಗೆ ಭಾಷೆ ಬರದಿದ್ದರೂ ಕಷ್ಟ ಅರ್ಥವಾಯಿತು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಹುಳಿಗೆ ಕಣ್ಣು ಮುಚ್ಚಿ, ಮುಖ ಕಿವುಚಿ, ಇನ್ನೊಂದು ಚೂರು ಅಧಿಕಾರಿಣಿಗೆ ಹಿಡಿದಳು. ಆಕೆ ನಕ್ಕು ನಮ್ಮನ್ನು ಬಿಟ್ಟುಬಿಟ್ಟಳು. ಅಂದು ಆ ಉಂಡೆಯನ್ನು ಕಸಿದುಕೊಂಡಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ಆರ್ಥರ್ ಅವರ ಮನೆ

ಆರ್ಥರ್ ಎತ್ತರದ, ತೆಳ್ಳಗಿನ ಮನುಷ್ಯ. ಬರೆಯುವಾಗ ಪುಟಗಟ್ಟಲೆ ಬರೆಯುವವರು ಎದುರಿಗೆ ಕೂತರೆ ನಾಲ್ಕು ಮಾತಿನವರು. ಮನೆಯಲ್ಲಿ ಅವರು ಮತ್ತು ಒಂದು ಕಂದು ಬಣ್ಣದ ನಾಯಿ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತಾರೆ, ಅಲ್ಲಿ ಮೊದಲು ಹವಾಮಾನದ ಮಾತು ಕೊಡುತ್ತಾರೆ. ಮಳೆ ಬರಬಹುದು ಎಂದರು. ನಮ್ಮ ಕಡೆ ಮಳೆ ಬರಬಹುದು ಎಂದರೆ ಶುಭ ಸುದ್ದಿ, ಆದ್ದರಿಂದ ನಾನು ಕೈಮುಗಿದು ಬಹಳ ಸಂತೋಷ ಎಂದೆ.

ಆ ಮನೆಯಲ್ಲಿ ನಮ್ಮಿಂದ ಏನೇ ಆದರೂ ಉತ್ತರ ಒಂದೇ: ‘ಪರವಾಗಿಲ್ಲ.’ ಶೈಲಾ ಒಗ್ಗರಣೆ ಹಾಕಿ, ಹೊಗೆ ಕಂಡರೆ ಕೂಗಿಕೊಳ್ಳುವ ಗಂಟೆ ಬಾರಿಸಿದಾಗ ಪರವಾಗಿಲ್ಲ. ನಾನು ಅವರ ಕುರ್ಚಿಯಲ್ಲಿ ಕೂತು ಕನ್ನಡಕ ಮುರಿದಾಗಲೂ ಪರವಾಗಿಲ್ಲ. ಎಂಥ ದೊಡ್ಡ ಮನಸ್ಸು ಎಂದು ನಾನು ಹೆಂಡತಿಗೆ ಹೇಳಿದೆ.

“ದೊಡ್ಡ ಮನಸ್ಸೋ, ಒಳಗ ನುಂಗಾಕತ್ತಾರೋ, ಯಾರಿಗ್ಗೊತ್ರಿ,” ಎಂದಳು ಶೈಲಾ. ಅವಳು ಆರ್ಥರ್ ಅವರನ್ನು ಮೊದಲ ದಿನದಿಂದಲೇ ‘ಅಜ್ಜಾರು’ ಮಾಡಿಕೊಂಡಿದ್ದಳು.

ಹಿತ್ತಲಿನಲ್ಲಿ ಅವರ ಶೆಡ್ಡು. ಅದರ ಬಾಗಿಲು ತೆರೆಯುವ ಹೊತ್ತಿಗೆ ನನ್ನ ಎದೆ ಮದುವೆಯ ದಿನಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಒಳಗೆ ನಾಲ್ಕೂ ಗೋಡೆಗೆ ಪಾನಾಗಳು, ಗಾತ್ರದ ಪ್ರಕಾರ. ನಾನು ಚಿತ್ರದಲ್ಲಷ್ಟೇ ಕಂಡಿದ್ದ ರೈಲ್ವೆ ಪಾನಾ, ಹಿಡಿಯಲ್ಲಿ ಕಟ್ಟಿಗೆ ಕೂಡಿಸಿದ ಸ್ಕ್ರೂ ಪಾನಾ. ಆದರೆ ಒಂದೂ ಹೊಳೆಯುತ್ತಿರಲಿಲ್ಲ. ಎಲ್ಲ ಕಂದು, ಎಲ್ಲ ಕಪ್ಪು, ಬೆಲ್ಲದ ಹಳೆಯ ಅಚ್ಚುಗಳ ಹಾಗೆ. ಪಾಪ, ವಯಸ್ಸಾಯಿತು, ರಟ್ಟೆಯಲ್ಲಿ ಶಕ್ತಿ ಇಲ್ಲ, ತಿಕ್ಕಿಕೊಡುವವರೂ ಇಲ್ಲ ಎಂದುಕೊಂಡೆ. ಕಣ್ಣಲ್ಲಿ ನೀರೇ ಬಂತು.

ಮೇಜಿನ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಸಂತೆಗೆಂದು ತೆಗೆದಿಟ್ಟ ಪಾನಾಗಳಿದ್ದವು. ಇವು ಮಾರಲಿಕ್ಕಲ್ಲ, ತೋರಿಸಲಿಕ್ಕೆ ಮಾತ್ರ, ನನ್ನ ತಂದೆಯವು ಎಂದರು. ಅವರ ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರಂತೆ. ಒಂದು ಸ್ಕ್ರೂ ಪಾನಾ ಎತ್ತಿ, ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು, ಏನೂ ಹೇಳದೆ ಮತ್ತೆ ಒಳಗಿಟ್ಟರು. ಏನೋ ಹೇಳಲು ಹೋಗಿ ಮರೆತರು ಎಂದು ನಾನು ತಿಳಿದೆ. ಅದರ ಹಿಡಿಯ ತುದಿಗೆ ಹಸಿರು ಬಣ್ಣದ ಕಲೆ ಹತ್ತಿತ್ತು. ಇಷ್ಟು ಚಲೋ ಸಾಮಾನಿನ ಮೇಲೆ ಯಾರೋ ಬಣ್ಣ ಚೆಲ್ಲಿದ್ದಾರಲ್ಲ ಎಂದು ಮರುಗಿದೆ.

ಖಂಡೇನವಮಿ

ಸಂತೆಯ ಹಿಂದಿನ ದಿನ ನಮ್ಮಲ್ಲಿ ಖಂಡೇನವಮಿ. ಆಯುಧಗಳನ್ನು ತೊಳೆದು ಪೂಜಿಸುವ ದಿನ. ನಮ್ಮ ಅಂಗಡಿಯಲ್ಲಿ ತಕ್ಕಡಿಗೆ, ತೂಕದ ಕಲ್ಲಿಗೆ, ಈಗ ಕಂಪ್ಯೂಟರಿಗೂ ಕುಂಕುಮ ಬೀಳುತ್ತದೆ. ಒಮ್ಮೆ ಪೂಜೆಯಾಯಿತೆಂದರೆ ಮರುದಿನ ಬೆಳಗಿನವರೆಗೆ ಯಾವ ಸಾಮಾನನ್ನೂ ಮುಟ್ಟುವಂತಿಲ್ಲ, ಅವಕ್ಕೂ ಒಂದು ದಿನ ವಿಶ್ರಾಂತಿ. ನರಗುಂದದಿಂದ ಅವ್ವ ಫೋನ್ ಮಾಡಿ, ಅಲ್ಲಿ ಪೂಜಿ ಬಿಡಬ್ಯಾಡ ಎಂದಿದ್ದಳು.

ಆರ್ಥರ್ ಅಂದು ಹಲ್ಲಿನ ಡಾಕ್ಟರರ ಬಳಿ ಹೋಗಬೇಕಿತ್ತು. ಅವರ ಕಾರು ಮರೆಯಾದದ್ದೇ ನಾನು ಅಂಗಿಯ ತೋಳು ಮಡಚಿದೆ. ಉಂಡ ಮನೆಗೆ ಏನಾದರೂ ಮಾಡಬೇಕಲ್ಲ. ಅವರ ತಂದೆಯ ಪಾನಾಗಳನ್ನು ಬೆಳಗಿ, ಪೂಜೆ ಮಾಡಿ, ಬಂದ ಕೂಡಲೇ ತೋರಿಸಿ ಬೆರಗುಗೊಳಿಸಬೇಕು ಎಂದು ಹೊಳೆಯಿತು.

“ಒಂದ್ ಮಾತ ಅಜ್ಜಾರನ್ನ ಕೇಳ್ರಿ,” ಎಂದಳು ಶೈಲಾ, ಹುಣಸೆ ಉಂಡೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು.

“ದೇವರ ಕೆಲಸಕ್ಕ ಯಾರನ್ ಕೇಳೂದು? ಕೇಳಿದ್ರ ಬ್ಯಾಡ, ನಿಮಗ್ಯಾಕ ತ್ರಾಸ ಅಂತಾರ. ಈ ಮಂದಿ ಸ್ವಭಾವ ನನಗ ಗೊತ್ತೈತಿ.”

“ಎಷ್ಟ ದಿನಾ ಆತು ನೀವು ಬಂದು, ಸ್ವಭಾವ ಗೊತ್ತಾಗಾಕ?”

ಆ ಮಾತಿಗೆ ನಾನು ಕಿವಿಗೊಡಲಿಲ್ಲ. ಚಳಿಗೆ ಕಟ್ಟಿಗೆ ಉರಿಸುವ ಒಲೆಯಲ್ಲಿ ಚಲೋ ಬೂದಿ ಇತ್ತು. ಒಂದು ತಟ್ಟೆಯಲ್ಲಿ ಹುಣಸೆಹಣ್ಣು ನೆನೆಸಿ, ಪಾತ್ರೆ ತಿಕ್ಕುವ ತಂತಿಯ ಬ್ರಷ್ಷು ಹಿಡಿದು ಕೂತೆ. ಜೀವನದಲ್ಲಿ ನಾನು ಅಷ್ಟು ಮನಸ್ಸಿಟ್ಟು ಯಾವ ಕೆಲಸವನ್ನೂ ಮಾಡಿಲ್ಲ. ಕಂದು ಹೋಗಿ ಬೂದುಬಣ್ಣ ಬಂತು, ಬೂದು ಹೋಗಿ ಬಿಳುಪು ಬಂತು. ಸ್ಕ್ರೂ ಪಾನಾದ ಹಸಿರು ಕಲೆ ಮಾತ್ರ ಹಟ ಹಿಡಿಯಿತು. ನಾನೂ ಹಟ ಹಿಡಿದೆ. ಕೊನೆಗೆ ಚಾಕುವಿನಿಂದ ಕೆರೆದು, ಬೂದಿ ಹಚ್ಚಿ ಉಜ್ಜಿ, ಅದರ ಸುಳಿವೇ ಇಲ್ಲದಂತೆ ಮಾಡಿದೆ.

ಬಿಳಿಯ ಟವೆಲ್ಲಿನ ಮೇಲೆ ಸಾಲಾಗಿಟ್ಟು, ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಅವರದೇ ತೋಟದ ಹೂ ಏರಿಸಿದೆ. ತೆಂಗಿನಕಾಯಿ ಇರಲಿಲ್ಲ. ಬದಲಿಗೆ ಒಂದು ಸೇಬನ್ನು ಮೆಟ್ಟಿಲಿಗೆ ಅಪ್ಪಳಿಸಿದೆ. ಅದು ಒಡೆಯದೆ ಉರುಳಿಹೋಯಿತು, ನಾಯಿ ಕಚ್ಚಿಕೊಂಡು ಓಡಿತು. ಶೈಲಾ ಆರತಿ ಎತ್ತಿದಳು. ಎದೆ ತುಂಬಿ ಬಂದು ನಾನು ಸಾಷ್ಟಾಂಗ ಹಾಕಿದೆ.

ಏಳುವ ಹೊತ್ತಿಗೆ ಒಂದು ಪಾನಾದ ಅಂಚಿಗೆ ಸಣ್ಣಗೆ ಕೇಸರಿ ಬಣ್ಣ ಕಂಡಿತು. ಕುಂಕುಮ ಚೆಲ್ಲಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಎಲ್ಲ ಪಾನಾಗಳಿಗೂ ಅದೇ ಬಣ್ಣ ಬಂತು. ಹುಳಿ ತಿಂದ ಹಸಿ ಕಬ್ಬಿಣ, ಆ ತೇವದ ಹವೆ. ಹೊಸ ಜಂಗು ನನ್ನ ಕಣ್ಣೆದುರೇ ಏಳುತ್ತಿತ್ತು. ಎಣ್ಣೆ ಸವರಿದರೆ ನಿಲ್ಲುತ್ತಿತ್ತು. ಆದರೆ ಪೂಜೆಯಾದ ಸಾಮಾನು ಮುಟ್ಟುವಂತಿಲ್ಲ. ಎಣ್ಣೆಯ ಡಬ್ಬಿ ಕೈಯಲ್ಲಿ ಹಿಡಿದು, ಮುಟ್ಟಲೂ ಆಗದೆ ಬಿಡಲೂ ಆಗದೆ ನಿಂತಿದ್ದೆ. ಆಗ ಬಾಗಿಲಲ್ಲಿ ಆರ್ಥರ್ ಕಾಣಿಸಿಕೊಂಡರು.

ಅವರು ಟವೆಲ್ಲಿನ ಹತ್ತಿರಕ್ಕೆ ಬಂದರು. ಆಮೇಲೆ ಮೆಲ್ಲಗೆ ಹೇಳಿದರು, “ಬಹಳ ಹೊಳೆಯುತ್ತಿದೆ.”

ಅಷ್ಟು ವರ್ಷ ಓದಿದ್ದ ಆ ಮಾತನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಕೇಳಿದ ಕೂಡಲೇ, ಅದು ಯಾವತ್ತೂ ಹೊಗಳಿಕೆಯಾಗಿರಲಿಲ್ಲ ಎಂದು ತಿಳಿಯಿತು.

“ಇಲ್ಲಿ ಹಸಿರು ಬಣ್ಣ ಇತ್ತು,” ಎಂದರು.

“ಯಾರೋ ಚೆಲ್ಲಿದ್ದರು, ತೆಗೆದೆ,” ಎಂದೆ. ನಾಲಿಗೆ ಇನ್ನೂ ಹಳೆಯ ಉತ್ಸಾಹದಲ್ಲೇ ಇತ್ತು.

“ನನ್ನ ತಂದೆ ಹಚ್ಚಿದ್ದರು. ವರ್ಕ್‌ಶಾಪಿನಲ್ಲಿ ಒಬ್ಬರದು ಇನ್ನೊಬ್ಬರಿಗೆ ಹೋಗಬಾರದು ಎಂದು ಒಬ್ಬೊಬ್ಬರೂ ಒಂದೊಂದು ಬಣ್ಣ ಹಚ್ಚುತ್ತಿದ್ದರು. ಅವರದು ಹಸಿರು.”

ಆರ್ಥರ್ ಬಾಗಿ ಪಾನಾ ಎತ್ತಲು ಕೈ ಚಾಚಿದರು. ಆಗ ಶೈಲಾ ಗಾಬರಿಯಿಂದ ಎರಡೂ ಕೈ ಅಡ್ಡ ಹಿಡಿದಳು. ಏನೆಂದು ಅವರು ನನ್ನತ್ತ ನೋಡಿದರು. ಪೂಜೆಯಾದ ಮೇಲೆ ನಾಳೆ ಬೆಳಗಿನವರೆಗೆ ಮುಟ್ಟಬಾರದು ಎಂದು ನಾನು ಹೇಳಬೇಕಾಯಿತು. ಅದನ್ನು ಹೇಳುವಾಗ ನೆಲ ಬಾಯಿಬಿಟ್ಟಿದ್ದರೆ ಹಾರಿಬಿಡುತ್ತಿದ್ದೆ.

ಅವರು ಕೈ ಹಿಂದೆಳೆದುಕೊಂಡರು. “ಪರವಾಗಿಲ್ಲ,” ಎಂದು ಚಹಾ ಮಾಡಲು ಒಳಗೆ ಹೋದರು. ತಮ್ಮ ತಂದೆಯ ಪಾನಾಗಳಿಗೆ ಜಂಗು ಏರುತ್ತಿದ್ದರೂ ಅವರು ಅವನ್ನು ಮರುದಿನ ಬೆಳಗಿನವರೆಗೂ ಮುಟ್ಟದೆ ಬಿಟ್ಟರು.

ಊಟದ ಮೇಜು

ನಮ್ಮ ಕಡೆ ಇಂಥದ್ದಾಗಿದ್ದರೆ ಏನಾಗುತ್ತಿತ್ತು ಎಂದು ನನಗೆ ಚೆನ್ನಾಗಿ ಗೊತ್ತು. ಪುರ್ತಗೇರಿಯ ನಮ್ಮ ಸೋದರಮಾವನ ಬಿತ್ತುವ ಕೂರಿಗೆಯನ್ನು ಒಮ್ಮೆ ನಾನು ತಿಕ್ಕಲು ಹೋಗಿ ಅದರ ನೆಲ ಸೀಳುವ ಒಂದು ತಾಳು ಮುರಿದಿದ್ದೆ. ಮಾವ ಹೊಲದಿಂದ ಊರಿನವರೆಗೆ ದಾರಿಯುದ್ದಕ್ಕೂ ಬೈದ. ನನ್ನ ಓದು, ನನ್ನ ಹೊಟ್ಟೆ, ನನ್ನ ಅಪ್ಪನ ಕಡೆಯವರು, ಯಾರನ್ನೂ ಬಿಡಲಿಲ್ಲ. ಮನೆ ಮುಟ್ಟಿದ ಮೇಲೆ ನನ್ನ ತಾಟಿಗೆ ತಾನೇ ತುಪ್ಪ ಬಡಿಸಿದ. ಅಲ್ಲಿಗೆ ಮುಗಿಯಿತು. ಅದು ಇಂದಿಗೂ ನಮ್ಮ ಮನೆಗಳ ನಡುವೆ ನಗುವ ವಿಷಯ.

ಇಲ್ಲಿ ಯಾರೂ ಬೈಯಲಿಲ್ಲ. ಆರ್ಥರ್ ಆಲೂಗಡ್ಡೆ ಇನ್ನಷ್ಟು ಬೇಕೇ ಎಂದರು. ಬೇಡ ಎಂದೆ. ಉಪ್ಪು ಬೇಕೇ ಎಂದರು. ಬೇಡ ಎಂದೆ. ನಾಳೆ ಮಳೆ ಬರಲಿಕ್ಕಿಲ್ಲ ಎಂದರು. ಹೊಸ ಹಸಿರು ಬಣ್ಣ ತಂದು ಹಚ್ಚಿಕೊಡುತ್ತೇನೆ ಎಂದು ನಾನು ಹೇಗೋ ಬಾಯಿ ತೆರೆದೆ. ಅವರು ಯೋಚಿಸಿ, “ಅದು ನಿಮ್ಮ ಬಣ್ಣ ಆಗುತ್ತದೆ, ಅವರದಲ್ಲ,” ಎಂದು ಬಹಳ ಮೃದುವಾಗಿ ಹೇಳಿದರು. ಆ ಮೃದುತನವನ್ನು ನನ್ನಿಂದ ತಡೆಯಲಾಗಲಿಲ್ಲ.

“ಬೈದ್ರೇನು?” ಎಂದು ಕೋಣೆಗೆ ಬಂದ ಮೇಲೆ ಶೈಲಾ ಕೇಳಿದಳು.

“ಇಲ್ಲ.”

“ಒಂದ್ ಮಾತೂ?”

“ಆಲೂಗಡ್ಡಿ ಬೇಕೇನ್ ಅಂದ್ರು.”

ಶೈಲಾ ಹಾಸಿಗೆಯ ಮೇಲೆ ಕುಸಿದು ಕೂತಳು. “ಅಯ್ಯ ಶಿವನ, ಹಂಗಾರ ಭಾಳ ನೊಂದಾರ ಅವರು.”

ನನಗೂ ಅದೇ ಭಯ. ಜಂಗು ಹೋಗಬಹುದು, ಬಣ್ಣ ಹೋಯಿತು, ಆ ಲೆಕ್ಕ ಬೇರೆ. ಆದರೆ ಈ ಮನುಷ್ಯ ನಾಳಿದ್ದು ನಮ್ಮನ್ನು ನಿಲ್ದಾಣಕ್ಕೆ ಬಿಟ್ಟು, ಕೈಕುಲುಕಿ, ಮನೆಗೆ ಬಂದು ಬಾಗಿಲು ಹಾಕಿಕೊಂಡರೆ, ಮುಂದೆ ನನ್ನ ಯಾವ ಫೋಟೋದ ಕೆಳಗೂ ಒಂದು ಸಾಲೂ ಬರೆಯುವುದಿಲ್ಲ. ಮರ್ಯಾದೆಯಿಂದಲೇ ನನ್ನನ್ನು ದೂರ ಮಾಡುತ್ತಾರೆ. ಬಯ್ಯುವಷ್ಟಾದರೂ ನನ್ನನ್ನು ಹತ್ತಿರದವನೆಂದು ತಿಳಿಯಬಾರದೇ ಎಂದು ನನಗೆ ಅಳು ಬಂತು.

ಸಂತೆ

ಮರುದಿನ ವಿಜಯದಶಮಿ. ನಮ್ಮಲ್ಲಿ ಬನ್ನಿ ಎಲೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹಿರಿಯರ ಕಾಲಿಗೆ ಬೀಳುತ್ತೇವೆ. ಮುನಿಸಿದ್ದರೂ ಅಂದಿಗೆ ಮರೆಯುವುದು ರೂಢಿ. ಡರ್ಬಿಶೈರಿನಲ್ಲಿ ಬನ್ನಿ ಎಲ್ಲಿ ಬರಬೇಕು? ಬೇಲಿಯ ಗಿಡದ ಎಲೆ ಹರಿದು ಆರ್ಥರ್ ಅವರ ಕೈಯಲ್ಲಿಟ್ಟು ಕಾಲು ಮುಟ್ಟಿದೆ. ಅವರು ಬೆಚ್ಚಿ ಹಿಂದೆ ಸರಿದು, ಎಲೆಯನ್ನು ತಿರುಗಿಸಿ ನೋಡಿ, ಅದರ ಇಂಗ್ಲಿಷ್ ಹೆಸರು ಹೇಳಿ, ಧನ್ಯವಾದ ಎಂದು ಜೇಬಿಗೆ ಹಾಕಿಕೊಂಡರು. ನನ್ನ ಸಂಧಾನ ಅಲ್ಲಿಗೆ ಮುಗಿಯಿತು.

ಸಂತೆ ಒಂದು ದೊಡ್ಡ ಹುಲ್ಲುಮೈದಾನದಲ್ಲಿ. ಸಾಲು ಮೇಜುಗಳು, ಹಳೆಯ ಪಾನಾ, ಹಳೆಯ ಸುತ್ತಿಗೆ, ಅವುಗಳಷ್ಟೇ ಹಳೆಯ ಜನ. ನಮ್ಮ ಗಜೇಂದ್ರಗಡದ ವಾರದ ಸಂತೆಯ ಹಾಗೆ ಕೂಗಾಟವಿಲ್ಲ. ಗಿರಾಕಿ ಬಂದು ಸಾಮಾನು ಎತ್ತಿ ನೋಡುತ್ತಾನೆ, ಮಾರುವವನು ಆಕಾಶ ನೋಡುತ್ತಾನೆ, ಯಾರೂ ಯಾರನ್ನೂ ಕರೆಯುವುದಿಲ್ಲ. ವ್ಯಾಪಾರ ಹೇಗೆ ಆಗುತ್ತದೋ ಕೊನೆಯವರೆಗೂ ನನಗೆ ತಿಳಿಯಲಿಲ್ಲ. ಅಲ್ಲಿ ಹೊಳೆಯುವ ಪಾನಾ ಎಂದು ಇದ್ದದ್ದು ನರಗುಂದದಿಂದ ನಾನು ತಂದವು ಮಾತ್ರ.

ಆರ್ಥರ್ ತಂದೆಯ ಪಾನಾಗಳನ್ನು ಎಂದಿನಂತೆ ಮುಂದಿನ ಸಾಲಿನಲ್ಲೇ ಇಟ್ಟರು. ಬೆಳಿಗ್ಗೆ ಬೇಗ ಎದ್ದು ಎಣ್ಣೆ ಸವರಿದ್ದರು. ಜಂಗು ನಿಂತಿತ್ತು, ಆದರೆ ಅವು ಮೈಮೇಲೆ ದದ್ದು ಎದ್ದ ಮಕ್ಕಳ ಹಾಗೆ ಕಾಣುತ್ತಿದ್ದವು. ಅವರ ಪರಿಚಯದವರು ಬರುತ್ತಿದ್ದರು, ನೋಡುತ್ತಿದ್ದರು, “ಓ” ಎಂದು ಹವಾಮಾನಕ್ಕೆ ಮಾತು ಹೊರಳಿಸುತ್ತಿದ್ದರು. ಇದನ್ನು ಯಾರು ಮಾಡಿದರು ಎಂದು ಒಬ್ಬರೂ ಕೇಳಲಿಲ್ಲ, ಆರ್ಥರ್ ಹೇಳಲೂ ಇಲ್ಲ. ನಾನೇ ಕೈಯೆತ್ತಿ, ನಾನು ಮಾಡಿದೆ ಎಂದು ಕೂಗಬೇಕೆನ್ನಿಸುತ್ತಿತ್ತು.

ತಳಮಳ ಹೆಚ್ಚಾದಾಗ ನನ್ನ ಕೈ ಸುಮ್ಮನಿರುವುದಿಲ್ಲ. ಮೇಜಿನ ಮೇಲೆ ಆರ್ಥರ್ ಅವರದೇ ಇನ್ನೊಂದು ಪಾನಾ ಇತ್ತು, ನಾನು ಮುಟ್ಟದೆ ಉಳಿದದ್ದು, ಕಪ್ಪಗೆ ಹಾಗೇ ಇದ್ದದ್ದು. ಯೋಚನೆಯಲ್ಲಿ ಮುಳುಗಿದ್ದವನು ಅದನ್ನು ಯಾವಾಗ ಎತ್ತಿಕೊಂಡೆನೋ, ನನ್ನ ಪಾನಾಗಳ ಜೊತೆ ತಂದಿದ್ದ ಪಾಲಿಶ್ ಕಾಗದ ಯಾವಾಗ ಕೈಗೆ ಬಂತೋ ದೇವರೇ ಬಲ್ಲ. ಒಂದು ಸಲ ಉಜ್ಜಿದೆ.

ಇಲ್ಲಿಯವರೆಗೆ ಆರ್ಥರ್ ಅವರ ಇಂಗ್ಲಿಷನ್ನು ಪುಸ್ತಕದ ಕನ್ನಡದಲ್ಲಿ ಬರೆಯುತ್ತ ಬಂದೆ. ಆಗ ಅವರು ಆಡಿದ್ದಕ್ಕೆ ಆ ಕನ್ನಡ ಸಾಲುವುದಿಲ್ಲ. ನನ್ನ ಕಿವಿಗೆ ಅದು ಪುರ್ತಗೇರಿಯ ಮಾವನ ಬಾಯಲ್ಲೇ ಬಂದ ಹಾಗೆ ಕೇಳಿಸಿತು.

“ಏ ಹುಚ್ಚ ಖೋಡಿ, ಇಡು ಕೆಳಗ ಅದನ್ನ. ಕೈ ಸುಮ್ನ ಇರಾಂಗಿಲ್ಲೇನ್ ನಿಂದು? ನಮ್ಮಪ್ಪ ಜೀವಮಾನ ಪೂರಾ ಹಿಡದಿದ್ದ ಪಾನಾ ಅವು. ಅವನ ಕೈ ಬೆವರು ಕುಂತಿತ್ತು ಅದರಾಗ. ನಿನ್ನಿ ಒಂದ್ ಮುಂಜಾನಿಯೊಳಗ ತಿಕ್ಕಿ ತೊಳದ ಬಿಟ್ಟಿ, ಅದೂ ಅಡಗಿ ಮನಿ ಹುಳಿ ಹಚ್ಚಿ. ಕೇಳಾಕ ಬಾಯಿ ಇರಲಿಲ್ಲೇನು? ಬಣ್ಣ ಯಾಕ ಐತಿ ಅಂತ ಒಂದ್ ಮಾತ ಕೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತು?”

ಪಕ್ಕದ ಮೇಜಿನ ಹೆಂಗಸು ತನ್ನ ಬೂಟಿನ ಲೇಸು ಕಟ್ಟತೊಡಗಿದಳು, ಕಟ್ಟಿದ್ದ ಲೇಸನ್ನೇ ಬಿಚ್ಚಿ. ಆರ್ಥರ್ ಅವರ ಮುಖ ಕೆಂಪಾಗಿತ್ತು. ತಮ್ಮ ದನಿಗೆ ತಾವೇ ಹೆದರಿದವರ ಹಾಗೆ ಸುತ್ತ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ನನ್ನನ್ನು ಕ್ಷಮಿಸ...” ಎಂದು ಶುರು ಮಾಡಿದರು.

ನನ್ನ ಜೀವ ಹಾರಿತು. ಇಷ್ಟು ಹೊತ್ತಿಗೆ ಸಿಕ್ಕ ಬೈಗಳನ್ನು ಈ ಮನುಷ್ಯ ವಾಪಸು ತೆಗೆದುಕೊಂಡುಬಿಡುತ್ತಾರಲ್ಲ. ಅವರ ಎರಡೂ ಕೈ ಹಿಡಿದುಕೊಂಡೆ.

“ದಯವಿಟ್ಟು ಕ್ಷಮೆ ಕೇಳಬೇಡಿ,” ಎಂದೆ. “ಇನ್ನೂ ಏನಾದರೂ ಉಳಿದಿದ್ದರೆ ಅದನ್ನೂ ಹೇಳಿಬಿಡಿ.”

ಅವರು ನನ್ನ ಮುಖ ನೋಡಿದರು. ನಾನು ತಮಾಷೆ ಮಾಡುತ್ತಿಲ್ಲ ಎಂದು ಖಚಿತ ಮಾಡಿಕೊಂಡರು. ಮೆಲ್ಲಗೆ ಮಡಿಸುವ ಕುರ್ಚಿ ಎಳೆದುಕೊಂಡು ಕೂತರು.

“ಉಳಿದಿದೆ,” ಎಂದರು.

ನಾವು ಬಂದ ದಿನದಿಂದ ಕದ್ದು ರೊಟ್ಟಿ ಹಾಕಿ ಹಾಕಿ ಅವರ ನಾಯಿ ಈಗ ತನ್ನ ಊಟವನ್ನು ಮೂಸುತ್ತಲೂ ಇಲ್ಲವಂತೆ. ಜಮಖಾನೆ ಹಾಸಿದ ಬಚ್ಚಲಲ್ಲಿ ನಾನು ತಂಬಿಗೆಯಿಂದ ನೀರು ಸುರಿದುಕೊಂಡು ಸ್ನಾನ ಮಾಡಿದ್ದು ಕೆಳಗಿನ ಕೋಣೆಯ ಚಾವಣಿಯಲ್ಲಿ ಒದ್ದೆ ಕಲೆಯಾಗಿ ಕಾಣುತ್ತಿದೆಯಂತೆ. ಕನ್ನಡಕ, ಒಗ್ಗರಣೆ, ತೋಟದ ಹೂ, ಒಂದೊಂದಾಗಿ ಬಂದವು. ಮೊದಮೊದಲು ತಡೆದು ತಡೆದು ಬೈಯುತ್ತಿದ್ದವರಿಗೆ ಆಮೇಲಾಮೇಲೆ ಚಲೋ ಹಿಡಿತ ಸಿಕ್ಕಿತು. ಬೈಯುತ್ತಲೇ ಫ್ಲಾಸ್ಕಿನ ಮುಚ್ಚಳ ತೆಗೆದು, ಬೈಯುತ್ತಲೇ ನನಗೊಂದು ಕಪ್ ಚಹಾ ಹಾಕಿ, ಕುಡಿ ಎಂದು ಗದರಿ ಮುಂದೆ ನೂಕಿದರು. ನಾನು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಹುಲ್ಲಿನ ಮೇಲೆ ಕೂತೆ. ಕಣ್ಣು ತುಂಬಿ ಕಪ್ ಸರಿಯಾಗಿ ಕಾಣುತ್ತಿರಲಿಲ್ಲ.

ಶೈಲಾಗೆ ಒಂದು ಶಬ್ದವೂ ಅರ್ಥವಾಗಿರಲಿಲ್ಲ. ಆದರೂ ಪ್ರತಿಯೊಂದು ಬೈಗಳಿಗೂ ತಲೆಯಾಡಿಸುತ್ತ ಕೂತಿದ್ದಳು. ಆರ್ಥರ್ ಉಸಿರು ತೆಗೆದುಕೊಳ್ಳಲು ನಿಂತಾಗ ನನ್ನ ಭುಜ ತಿವಿದಳು.

“ಅಜ್ಜಾರಿಗೆ ಹೇಳ್ರಿ, ಇನ್ನೊಂಚೂರು ಬೈಲಿ,” ಎಂದಳು. “ನಾ ಬೈಯೂದು ಭಾಳ ಉಳದೈತಿ, ಅದೂ ಇದರಾಗ ಹೋಗ್ಲಿ.”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಆರ್ಥರ್ ಅವಳಿಗೂ ಒಂದು ಕಪ್ ಚಹಾ ಹಾಕಿಕೊಟ್ಟು, ಕುರ್ಚಿಯನ್ನು ಅವಳ ಪಕ್ಕಕ್ಕೆ ಸರಿಸಿಕೊಂಡು ಮುಂದುವರಿಸಿದರು.